ನೀಲಮ್ಮತ್ತೆ ಜಾಲಿಸಿದ ಅದಿರು

೧೯೫೮ರ ಬೇಸಿಗೆಯ ಕೊನೆಯಲ್ಲಿ, ಸೊರಬ ತಾಲ್ಲೂಕಿನ ಒಂದು ಕಬ್ಬಿಣದ ಗಣಿಯ ಬುಡದಲ್ಲಿ, ಕಸವೆಂದು ಸುರಿದಿದ್ದ ಮಣ್ಣನ್ನು ನೀರಿನಲ್ಲಿ ತೊಳೆದು ಅದಿರಿನ ಪುಡಿಯನ್ನು ಬೇರೆ ಮಾಡಲಾಯಿತು. ಒಂದು ಸೇರು ಪುಡಿಯನ್ನು ತಕ್ಕಡಿಯಲ್ಲಿಟ್ಟು ನೋಡಿದರು. ತೂಕ ಸರಿಯಾಗಿ ಬಂತು.

ಪತ್ರಿಕೆಯಲ್ಲಿ ಬಂದದ್ದು ಇಷ್ಟೇ. ಕಳಿಸಿದವನು ನಾನು. ಆಗ ನಾನು ಶಿಕಾರಿಪುರದ ಶಾಲೆಯೊಂದರಲ್ಲಿ ಮೇಷ್ಟ್ರು. ಬಿಡುವಿನಲ್ಲಿ ಒಂದು ದಿನಪತ್ರಿಕೆಗೆ ಸುತ್ತಮುತ್ತಲ ಸುದ್ದಿ ಬರೆದು ಕಳಿಸುತ್ತಿದ್ದೆ. ಈ ಸುದ್ದಿಗೆ ನಾನು ತುಂಬಿಸಿದ್ದು ಎರಡೂವರೆ ಪುಟ. ಸಂಪಾದಕರು ಅದನ್ನು ಚೆನ್ನಾಗಿ ತೊಳೆದು, ತಳದಲ್ಲಿ ಉಳಿದದ್ದನ್ನು ಅಚ್ಚು ಹಾಕಿದರು. ಹರಿದು ಹೋದದ್ದು ಏನೆಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ಮೊನ್ನೆ ಮಧ್ಯಾಹ್ನದ ಊಟದಲ್ಲಿ ಹಲ್ಲಿಗೆ ಕಲ್ಲು ಸಿಕ್ಕದಿದ್ದರೆ ನಾನೂ ಅದನ್ನು ಹೇಳಲು ಹೊರಡುತ್ತಿರಲಿಲ್ಲ.

ಕಲ್ಲು ಸಣ್ಣದು, ಸದ್ದು ಮಾತ್ರ ದೊಡ್ಡದು. ಸೊಸೆ ಅಡಿಗೆಮನೆಯಿಂದಲೇ, "ಏನಾಯ್ತು ಮಾವ?" ಎಂದಳು. "ಅಕ್ಕಿ ಜಾಲಿಸಿರಲಿಲ್ವೇನಮ್ಮ?" ಎಂದೆ. "ತೊಳ್ದಿದ್ನಲ್ಲ," ಎಂದಳು. ತೊಳೆಯುವುದು ಬೇರೆ, ಜಾಲಿಸುವುದು ಬೇರೆ ಎಂದು ವಿವರಿಸಲು ಬಾಯಿ ತೆರೆದೆ, ಹಲ್ಲು ಜುಂ ಎಂದಿತು, ಸುಮ್ಮನಾದೆ. ಅವಳದೇನೂ ತಪ್ಪಿಲ್ಲ. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಅಪರೂಪವಾದ ಕಾಲದಲ್ಲಿ ಹುಟ್ಟಿದವಳು.

ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಕ್ಕಿಯನ್ನು ಬಾಯಿ ಅಗಲವಾದ ಪಾತ್ರೆಗೆ ಹಾಕಿ, ನೀರು ತುಂಬಿ, ತೊಟ್ಟಿಲು ತೂಗಿದ ಹಾಗೆ ತೂಗುತ್ತಾ ಇನ್ನೊಂದು ಪಾತ್ರೆಗೆ ಅಲೆ ಅಲೆಯಾಗಿ ಬಗ್ಗಿಸಬೇಕು. ಅಕ್ಕಿ ಹಗುರ, ನೀರಿನ ಜೊತೆ ಅಂಚು ದಾಟಿ ಹೋಗುತ್ತದೆ. ಕಲ್ಲು ಭಾರ, ತಳದಲ್ಲಿ ಕೂರುತ್ತದೆ. ಕೊನೆಗೆ ಒಂದು ಗುಟುಕು ನೀರು, ನಾಲ್ಕು ಕಾಳು, ಕಲ್ಲಿನ ಚೂರು ಉಳಿದಾಗ ಮಣಿಕಟ್ಟನ್ನು ಒಮ್ಮೆ ಜಾಡಿಸಿ ಅದನ್ನು ಅಂಗಳಕ್ಕೆ ಎಸೆಯಬೇಕು. ಆ ಜಾಡಿಸುವುದನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಹೆಣ್ಣುಮಕ್ಕಳ ಕೈಗೆ ಅದು ತಾನಾಗಿ ಬರುತ್ತಿತ್ತು. ಮಾತಾಡುತ್ತಾ, ಮಗುವನ್ನು ಗದರುತ್ತಾ, ಬೇರೆ ಎತ್ತಲೋ ನೋಡುತ್ತಾ ಜಾಡಿಸುತ್ತಿದ್ದರು. ಈ ಜಾಡಿಸುವುದನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ನನ್ನ ಸೋದರಮಾವ ಚನ್ನಬಸಪ್ಪನವರ ಊರು ಸೊರಬದಿಂದ ಉಳವಿ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಬಿಸಿಲಲ್ಲಿ ಗುಡ್ಡದ ಕಡೆ ನಡೆದರೆ ಸಿಗುತ್ತಿತ್ತು. ಗುಡ್ಡದ ಮೇಲೆ ಗಣಿ. ಅದರ ಧಣಿ ಪರಸ್ಥಳದವರು, ವರ್ಷಕ್ಕೆ ಕೆಲವು ಸಲ ಜೀಪಿನಲ್ಲಿ ಬಂದು ಹೋಗುವವರು. ಗಣಿಯಲ್ಲಿ ಗಟ್ಟಿ ಅದಿರನ್ನು ಆರಿಸಿ ಲಾರಿಯಲ್ಲಿ ಸಾಗರದ ರೈಲು ನಿಲ್ದಾಣಕ್ಕೆ ಒಯ್ಯುತ್ತಿದ್ದರು. ಪುಡಿಯಾದದ್ದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಅದನ್ನು ಮಣ್ಣಿನ ಜೊತೆಗೇ ಗುಡ್ಡದ ಇಳಿಜಾರಿಗೆ ಸುರಿದರು. ಸುರಿದು ಸುರಿದು ಅಲ್ಲಿ ಇನ್ನೊಂದು ಕೆಂಪು ಗುಡ್ಡವೇ ಎದ್ದಿತು. ಅದರ ಕೆಳಗೆ ತಡೆಗೆಂದು ಒಂದು ಮಣ್ಣಿನ ಒಡ್ಡು. ಒಡ್ಡಿನ ಕೆಳಗೆ ಮಾವನ ಭತ್ತದ ಗದ್ದೆ.

ಹಿಂದಿನ ಮಳೆಗಾಲದಲ್ಲಿ ಒಡ್ಡು ಒಂದು ಕಡೆ ಜರಿದು, ಗದ್ದೆಯ ಮೇಲಿನ ಎರಡು ಮಡಿಗಳಿಗೆ ಕೆಂಪು ಕೆಸರು ನುಗ್ಗಿತ್ತು. ನಾಟಿ ಮಾಡಿದ ಸಸಿಗಳ ತುದಿ ಮಾತ್ರ ಕಾಣುತ್ತಿತ್ತಂತೆ. ಆ ಮಡಿಗಳಲ್ಲಿ ಬೆಳೆ ಬರಲಿಲ್ಲ. ಬೇಸಿಗೆಯಲ್ಲಿ ಕೆಸರು ಒಣಗಿ ಇಟ್ಟಿಗೆಯಾಯಿತು. ಒಡ್ಡಿನಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬಿಟ್ಟಿತು. ಇನ್ನೊಂದು ಮಳೆಗಾಲ ಬಂದರೆ ಆ ಕಸಮಣ್ಣಿನ ಗುಡ್ಡೆಯಷ್ಟೂ ಕೆಳಗಿಳಿಯುವುದು ಮಾವನಿಗೂ ಗೊತ್ತಿತ್ತು, ಧಣಿಗೂ ಗೊತ್ತಿತ್ತು. ಮಾವನಿಗೆ ಬೇರೆ ಗದ್ದೆ ಇರಲಿಲ್ಲ.

ಅದೇ ಬೇಸಿಗೆಯಲ್ಲಿ ಗಣಿಗೆ ಗೋಪಾಲರಾಯರು ಎಂಬ ಹೊಸ ಮೇಲ್ವಿಚಾರಕರು ಬಂದರು. ತೆಳ್ಳನೆಯ ಮನುಷ್ಯ, ಕೊಡೆ ಬಿಟ್ಟು ಹೊರಗೆ ಹೆಜ್ಜೆ ಇಡುತ್ತಿರಲಿಲ್ಲ. ಗುಡ್ಡೆಯ ಮಣ್ಣನ್ನು ಅಂಗೈಯಲ್ಲಿ ನೀರು ಹಾಕಿ ತಿಕ್ಕಿ ನೋಡಿ, ಇದರಲ್ಲಿ ಒಳ್ಳೆಯ ಅದಿರು ಇದೆ, ತೊಳೆದು ತೆಗೆಯಬಹುದು ಎಂದು ಧಣಿಗೆ ಹೇಳಿದವರು ಅವರೇ. ಅದಿರು ಮಣ್ಣಿಗಿಂತ ಬಹಳ ಭಾರ. ಅದೇ ಸೇರಿನಲ್ಲಿ ಅಳೆದರೆ ಹೆಚ್ಚುಕಡಿಮೆ ಇಮ್ಮಡಿ ತೂಗುತ್ತದೆ. ಹರಿಯುವ ನೀರಿಗೆ ಎರಡನ್ನೂ ಹಾಕಿದರೆ ಮಣ್ಣು ನೀರಿನ ಜೊತೆ ಹೋಗುತ್ತದೆ, ಅದಿರು ಹಿಂದೆ ಉಳಿಯುತ್ತದೆ. ನೀರಿನ ಓಟ ಹದವಾಗಿರಬೇಕು, ಅಷ್ಟೇ. ಜೋರಾದರೆ ಎರಡೂ ಹೋಗುತ್ತವೆ, ನಿಧಾನವಾದರೆ ಎರಡೂ ಕೂರುತ್ತವೆ.

ರಾಯರು ಹಲಗೆಯ ಉದ್ದನೆಯ ದೋಣಿಯೊಂದನ್ನು ಮಾಡಿಸಿ ಇಳಿಜಾರಾಗಿ ಇರಿಸಿದರು. ದೋಣಿಯ ತಳಕ್ಕೆ ಅಡ್ಡಪಟ್ಟಿ ಹೊಡೆಸಿದರು. ಮೇಲೆ ಗುಂಡಿಯಲ್ಲಿ ಗುಡ್ಡೆಯ ಮಣ್ಣನ್ನು ನೀರು ಬೆರೆಸಿ, ಗೋಡೆಗೆ ಮಣ್ಣು ತುಳಿದ ಹಾಗೆ ತುಳಿದು, ಆ ರಾಡಿಯನ್ನು ದೋಣಿಗೆ ಬಿಡುವುದು. ಪಟ್ಟಿಗಳ ಹಿಂದೆ ಕೂತ ಕಪ್ಪು ಪುಡಿಯನ್ನು ಕೆರೆದು ತೆಗೆದು, ಅಗಲ ಬೋಗುಣಿಯಂಥ ಮರದ ಮರಿಗೆಗಳಲ್ಲಿ ಹಾಕಿ ಕೈಯಿಂದ ಇನ್ನೊಮ್ಮೆ ತೊಳೆಯುವುದು. ಹೊರಬಿದ್ದ ಕೆಸರುನೀರು ಹೋಗಲು ಒಂದು ಸಣ್ಣ ಕಾಲುವೆ ಬೇಕಿತ್ತು. "ಹೆಂಗೂ ಗದ್ದೆ ಖಾಲಿ ಐತೆ, ನಮ್ಮ ಬದುವಿನ ಒಳಗೇ ತೋಡ್ಕೊಳ್ಳಿ," ಎಂದು ಮಾವ ಜಾಗ ಕೊಟ್ಟರು. ಗುಡ್ಡೆ ಕರಗಿದರೆ ಸಾಕಿತ್ತು ಅವರಿಗೆ.

ತೊಳೆಯುವ ಕೆಲಸಕ್ಕೆ ಊರಿನ ಹೆಂಗಸರು ಬಂದರು. ಮೊದಲ ದಿನವೇ ಎಡವಟ್ಟಾಯಿತು. ಎಲ್ಲರೂ ಮರಿಗೆಯನ್ನು ಚೆಂದವಾಗಿ ತೂಗಿದರು, ಕೆಸರನ್ನು ಚೆಂದವಾಗಿ ಅಂಚು ದಾಟಿಸಿದರು, ಕಪ್ಪು ಪುಡಿ ತಳದಲ್ಲಿ ಹೊಳೆಯುತ್ತಾ ಕೂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಣಿಕಟ್ಟು ಜಾಡಿಸಿದರು. ಪುಡಿಯಷ್ಟೂ ಕಾಲುವೆಗೆ ಹೋಯಿತು.

ರಾಯರು ಕೊಡೆ ಮಡಚಿ ತಲೆಯ ಮೇಲೆ ಕೈ ಹೊತ್ತರಂತೆ. "ಅಮ್ಮಾ, ತಳದ್ದೇ ಬೇಕಾಗಿರೋದು. ಮೇಲಿಂದು ಹೋಗಲಿ."

ದ್ಯಾವಮ್ಮ ಎಂಬುವಳು, ಊರಿನಲ್ಲೇ ಮಾತು ಜೋರಾದವಳು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳಂತೆ: "ಅಲ್ಲ ರಾಯರೇ, ತೇಲಿದ್ದು ಚೆಲ್ಲಿ ಕಲ್ಲು ಇಟ್ಕೊಳ್ಳಿ ಅಂತೀರಲ್ಲ, ನಿಮ್ಮನೇಲಿ ಊಟಕ್ಕೆ ಎಂತ ಮಾಡ್ತಾರೆ ಮಾರಾಯ್ರೇ?"

ಹತ್ತು ದಿನ ಅಭ್ಯಾಸ ನಡೆದರೂ ಯಾರದಾದರೂ ಒಬ್ಬರ ಕೈ ತಪ್ಪುತ್ತಲೇ ಇತ್ತು. ಬುದ್ಧಿಗೆ ಗೊತ್ತಾದದ್ದು ಮಣಿಕಟ್ಟಿಗೆ ಗೊತ್ತಾಗಿರಲಿಲ್ಲ. ಕಾಲುವೆಗೆ ಎಷ್ಟು ಒಳ್ಳೆಯ ಅದಿರು ಹೋಯಿತೆಂದು ರಾಯರು ದಿನಾ ಸಂಜೆ ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಹೆಂಗಸರನ್ನು ಹದಕ್ಕೆ ತಂದವಳು ನನ್ನ ಮಾವನ ಹೆಂಡತಿ ನೀಲಮ್ಮ, ನನ್ನ ಅತ್ತೆ. ಸಾಲಿನ ತುದಿಯಲ್ಲಿ ಕೂತು, ಯಾರ ಮರಿಗೆ ತಳ ಕಾಣುವಷ್ಟಾದರೂ, "ಕಲ್ಲೇ ಅಕ್ಕಿ, ಕಲ್ಲೇ ಅಕ್ಕಿ," ಎಂದು ಕೂಗುತ್ತಿದ್ದಳು. ಆ ಕೂಗು ಕೇಳಿದೊಡನೆ ಎತ್ತಿದ ಕೈಗಳು ನಿಲ್ಲುತ್ತಿದ್ದವು.

ಅತ್ತೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವಳ ತವರು ನಮ್ಮ ಶಿಕಾರಿಪುರದ ಕಡೆ, ನಲವತ್ತೆರಡರಲ್ಲೇ ಸ್ವಾತಂತ್ರ್ಯ ಸಾರಿಕೊಂಡ ಈಸೂರಿನ ಪಕ್ಕದ ಹಳ್ಳಿ. ಸೊರಬಕ್ಕೆ ಸೊಸೆಯಾಗಿ ಬಂದು ವರ್ಷಗಳಾದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ. ಮಾವ ತಮಾಷೆ ಮಾಡುತ್ತಿದ್ದರು: "ಈಸೂರು ಕಡೆ ಹೆಣ್ಣು ತಂದೀನಿ ಅಂತ ಬ್ರಿಟಿಷರು ಹೋಗೋವರೆಗೂ ನಾನು ಯಾರಿಗೂ ಹೇಳಿರಲಿಲ್ಲ ಕಣೋ." ಅದಕ್ಕೆ ಅತ್ತೆ, "ಹೇಳಿದ್ರ ನಿಮಗ ಎರಡು ಬೀಳ್ತಿದ್ವು, ಅದಕ್ಕ ಸುಮ್ಮನಿದ್ರಿ," ಎನ್ನುತ್ತಿದ್ದಳು. ಎತ್ತರದ ದನಿಯಲ್ಲಿ ಅವಳು ಮಾತಾಡಿದ್ದನ್ನು, ಆ "ಕಲ್ಲೇ ಅಕ್ಕಿ" ಬಿಟ್ಟರೆ, ನಾನು ಕೇಳಿಲ್ಲ.

ಕೊಳ್ಳುವ ಕಂಪನಿಯ ಮನುಷ್ಯ ಬಂದು ಪುಡಿಯನ್ನು ಪರೀಕ್ಷೆ ಮಾಡುತ್ತಾನೆಂದು ಮಾವ ಹೇಳಿಕಳಿಸಿದಾಗ ನಾನು ಸುದ್ದಿ ಬರೆಯಲು ಹೊರಟೆ. ಬಿಳಿ ಪಂಚೆ, ಬಿಳಿ ಅಂಗಿ, ಜೇಬಿನಲ್ಲಿ ಇಂಕು ಪೆನ್ನು. ಶಿರಾಳಕೊಪ್ಪ ದಾಟುವಾಗಲೇ ಪಂಚೆಯ ಬಣ್ಣ ಬದಲಾಗಿತ್ತು. ಆ ಕಡೆಯ ಮಣ್ಣು ಹತ್ತಿದ ಬಟ್ಟೆ ಮತ್ತೆ ಬಿಳಿಯಾಗುವುದಿಲ್ಲ. ವರದಿಗಾರನೆಂದು ದೂರದಿಂದಲೇ ಗೊತ್ತಾಗಲಿ ಎಂದು ಹಾಕಿಕೊಂಡದ್ದು, ಹೆಂಗಸರು ನನ್ನನ್ನು ಮಣ್ಣು ತುಳಿಯಲು ಬಂದ ಹೊಸ ಆಳೆಂದೇ ತಿಳಿದರು. ಸಂಪಾದಕರು ಕೆಲಸ ಕೊಡುವಾಗ ಒಂದೇ ಮಾತು ಹೇಳಿದ್ದರು: "ನೋಡಿದ್ದನ್ನು ನನಗೆ ಬರೆಯಿರಿ. ಅನ್ನಿಸಿದ್ದನ್ನು ಮನೆಯವರಿಗೆ ಹೇಳಿಕೊಳ್ಳಿ." ನಾನು ಆಗ ಮದುವೆಯಾಗಿರಲಿಲ್ಲ. ಅನ್ನಿಸಿದ್ದನ್ನು ಯಾರಿಗೂ ಹೇಳಲಾಗದೆ ಅದೂ ವರದಿಯೊಳಗೆ ಸೇರಿಹೋಗುತ್ತಿತ್ತು.

ಊರು ಮುಟ್ಟಿದ ಸಂಜೆ ಮಾವ ನನ್ನನ್ನು ಒಡ್ಡಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಜೀಪು ನಿಂತಿತ್ತು. ಧಣಿ ಬಂದಿದ್ದರು, ಜೊತೆಗೆ ರಾಯರು. ಮಾವ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಸ್ವಾಮಿ, ಕೃತ್ತಿಕೆ ಮಳೆ ಹತ್ರ ಬಂತು. ಒಡ್ಡಿಗೆ ಒಂದು ನಾಕು ಲೋಡು ಕಲ್ಲು ಹಾಕ್ಸಿಬಿಡಿ."

ಧಣಿ ಒರಟರಲ್ಲ. ನಗುತ್ತಲೇ ಉತ್ತರ ಕೊಟ್ಟರು. "ಚನ್ನಬಸಪ್ಪನವರೇ, ನಾಳೆ ಪುಡಿ ಪಾಸಾದರೆ ಈ ಗುಡ್ಡೆಯೇ ಇರೋದಿಲ್ಲ. ಇಲ್ಲದ ಗುಡ್ಡೆಗೆ ಒಡ್ಡು ಯಾಕೆ?"

"ಪಾಸಾಗದಿದ್ರೆ?"

"ಪಾಸಾಗದಿದ್ರೆ ನಾನೇ ಇಲ್ಲಿರೋದಿಲ್ಲ."

ಜೀಪು ಹೋಯಿತು. ರಾಯರು ಮಾವನ ಮುಖ ನೋಡಲಾಗದೆ ಒಡ್ಡಿನ ಬಿರುಕಿಗೆ ಕೊಡೆಯ ತುದಿ ತೂರಿಸಿ ಆಳ ನೋಡುತ್ತಾ ನಿಂತರು. ಪಾಸಾದರೂ ಗುಡ್ಡೆ ತೊಳೆಯುವುದು ಮಳೆಗಾಲ ಕಳೆದು ದೀಪಾವಳಿಯಾದ ಮೇಲೆಯೇ ಎಂದು ಅವರೇ ಮೆಲ್ಲಗೆ ಹೇಳಿದರು. ಅಲ್ಲಿಯವರೆಗೆ? ಅದನ್ನು ಹೇಳುವ ಅಧಿಕಾರ ರಾಯರಿಗಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾವ ಇದನ್ನೆಲ್ಲ ಅತ್ತೆಗೆ ಹೇಳಿದರು. ಅವಳು ಸಾರು ಬಡಿಸುತ್ತಾ ಕೇಳಿಸಿಕೊಂಡಳು. "ಹಂಗಾದ್ರ ಹೆಂಗ್ ಮಾಡಿದ್ರೂ ಕಲ್ಲು ಬೀಳಂಗಿಲ್ಲ ಅನ್ರಿ," ಎಂದಳು.

ಮರುದಿನ ಬೆಳಿಗ್ಗೆ ಕೆರೆಯ ತೂಬು ತೆಗೆದರು. ಬೇಸಿಗೆಯ ಕೆರೆ, ತಳದಲ್ಲಿ ಉಳಿದದ್ದು ದನಕರು ಕುಡಿಯುವಷ್ಟು ನೀರು. ಮಧ್ಯಾಹ್ನದವರೆಗೆ ಮಾತ್ರ ಬಿಡುವುದೆಂದು ಊರಿನವರು ಒಪ್ಪಿದ್ದರು. ನೀರುಗಂಟಿ ಹನುಮಂತ, ಕೆರೆಯ ನೀರಿನ ಲೆಕ್ಕ ಅವನ ಕೈಯಲ್ಲಿ, ತೂಬಿನ ಮೇಲೆಯೇ ಕೂತಿದ್ದ. ಪಡುವಣದಲ್ಲಿ ಮೋಡ ಕಟ್ಟಿತ್ತು. ಗಾಳಿ ಇರಲಿಲ್ಲ.

ಕಂಪನಿಯ ಮನುಷ್ಯ ಲಾರಿಯಲ್ಲಿ ಧಣಿಯ ಜೊತೆ ಬಂದರು. ಕೈಯಲ್ಲಿ ತಕ್ಕಡಿಯ ಪೆಟ್ಟಿಗೆ. ಹೆಂಗಸರು ಅವರಿಗೆ ಆಗಿಂದಾಗಲೇ ತಕ್ಕಡಿ ಸಾಹೇಬರು ಎಂದು ಹೆಸರಿಟ್ಟರು. ರಾಯರು ಹಿಂದಿನ ದಿನಗಳಲ್ಲಿ ತೊಳೆದು ಚೀಲಗಳಲ್ಲಿ ತುಂಬಿಟ್ಟಿದ್ದ ಪುಡಿಯನ್ನು ತೋರಿಸಿದರು. ಸಾಹೇಬರು ಚೀಲ ಮುಟ್ಟಲಿಲ್ಲ. "ಮುಂಚೆ ತುಂಬಿದ್ದು ಬೇಡ. ನನ್ನ ಕಣ್ಣೆದುರಿಗೆ ತೊಳೆದದ್ದರಲ್ಲಿ ಒಂದು ಸೇರು ಕೊಡಿ. ಅದು ತೂಕಕ್ಕೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನಗೆ ಸಾಗರದಲ್ಲಿ ರೈಲಿದೆ."

ಕೆಲಸ ಶುರುವಾಯಿತು. ಅಷ್ಟು ದಿನ ಹಾಡು, ಹರಟೆ ಇದ್ದ ಜಾಗದಲ್ಲಿ ಅವತ್ತು ನೀರಿನ ಸದ್ದು ಮಾತ್ರ. ಮಣ್ಣು ತುಳಿಯುವವರು ತುಳಿದರು. ದೋಣಿಯ ಪಟ್ಟಿಗಳ ಹಿಂದೆ ಪುಡಿ ಕೂತಿತು. ಹೆಂಗಸರು ಕಾಲುವೆಯ ಅಂಚಿನಲ್ಲಿ ಸಾಲಾಗಿ ಕೂತು ಮರಿಗೆ ತೂಗಿದರು. ಅತ್ತೆಯ "ಕಲ್ಲೇ ಅಕ್ಕಿ" ಮಾತ್ರ ಆಗಾಗ ಕೇಳುತ್ತಿತ್ತು. ಯಾರ ಕೈಯೂ ತಪ್ಪಲಿಲ್ಲ. ತೊಳೆದ ಪುಡಿಯನ್ನೆಲ್ಲ ಕೊನೆಯ ಸಲ ತೊಳೆಯಲು ಅತ್ತೆಯ ದೊಡ್ಡ ಮರಿಗೆಗೆ ಸುರಿದರು. ಎಲ್ಲರಿಗಿಂತ ಅವಳ ಕೈ ಚೊಕ್ಕ ಎಂದು ರಾಯರೇ ಹಾಗೆ ಏರ್ಪಾಟು ಮಾಡಿದ್ದರು. ಹೊತ್ತು ನೆತ್ತಿಗೆ ಬಂದಾಗ ಹನುಮಂತ ಎದ್ದು ನಿಂತು, "ಇನ್ನು ಆಗಲ್ಲ ರಾಯರೇ, ದನಗಳಿಗೆ ಬೇಕು," ಎಂದು ತೂಬು ಮುಚ್ಚಿದ.

ಸಾಹೇಬರು ಹಿತ್ತಾಳೆಯ ಸೇರು ತೆಗೆದು ಒರೆಸಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅತ್ತೆ ಮರಿಗೆ ತೂಗುತ್ತಿದ್ದಳು. ಕೊನೆಯ ಕೆಂಪು ನೀರು ಅಂಚು ದಾಟಿತು. ತಳದಲ್ಲಿ ಪುಡಿ ಕಾಡಿಗೆಯ ಹಾಗೆ ಕಪ್ಪಗೆ, ಸ್ವಲ್ಪ ಹೊಳೆಯುತ್ತಾ ಕೂತಿತ್ತು. ಅವಳು ಒಮ್ಮೆ ತಲೆಯೆತ್ತಿ ಒಡ್ಡಿನ ಕಡೆ ನೋಡಿದಳು. ಆಮೇಲೆ ಮಣಿಕಟ್ಟು ಜಾಡಿಸಿದಳು.

ಪುಡಿಯಷ್ಟೂ ಕಾಲುವೆಗೆ ಬಿತ್ತು.

ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ರಾಯರು ಬಿಸಿಲಿದ್ದರೂ ಕೊಡೆ ಮಡಚಿದರು. ಧಣಿ ನನ್ನ ಕಡೆ ತಿರುಗಿ, "ಇದನ್ನ ಬರೀಬೇಡಿ," ಎಂದರು. ಮಾವ ಅತ್ತೆಯನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ನನ್ನನ್ನು ವರದಿಗಾರನೆಂದು ಗುರುತಿಸಿದವರು ಅವರೊಬ್ಬರೇ. ಸಾಹೇಬರು ಸೇರನ್ನು ಪೆಟ್ಟಿಗೆಯೊಳಗೆ ಇಡತೊಡಗಿದರು.

ಅತ್ತೆ ಸೀರೆ ಎತ್ತಿ ಕಟ್ಟಿ ಕಾಲುವೆಗೆ ಇಳಿದಳು.

ತೂಬು ಮುಚ್ಚಿದ್ದರಿಂದ ನೀರು ಇಳಿಯುತ್ತಿತ್ತು. ಕೆಂಪು ಕೆಸರು ಇನ್ನೂ ಮೆಲ್ಲಗೆ ಮುಂದೆ ಸಾಗುತ್ತಿತ್ತು. ಅವಳು ಬಗ್ಗಿ ಮೇಲಿನ ತೆಳು ಕೆಸರನ್ನು ಅಂಗೈಯಿಂದ ಆಚೆ ತಳ್ಳಿದಳು. ಕೆಳಗೆ ಕಪ್ಪು ಗೆರೆಯೊಂದು ಕಂಡಿತು. ಇನ್ನಷ್ಟು ತಳ್ಳಿದಳು. ಗೆರೆ ಅಗಲವಾಯಿತು. ಅವಳು ಎಸೆದ ಪುಡಿ ಬಿದ್ದಲ್ಲೇ ಮುಳುಗಿ ಕೂತಿತ್ತು. ಅದರ ಕೆಳಗೆ, ಹತ್ತು ದಿನ ಊರಿನ ಹೆಂಗಸರೆಲ್ಲ ಕೈ ತಪ್ಪಿ ಎಸೆದದ್ದೂ ಇತ್ತು. ಮಣ್ಣು ಹರಿದು ಹೋಗಿತ್ತು, ಭಾರವಾದದ್ದು ಎಲ್ಲೂ ಹೋಗಿರಲಿಲ್ಲ. ದೋಣಿಯಲ್ಲಿ ರಾಯರು ಮಾಡಿಸಿದ ಕೆಲಸವನ್ನೇ ಕಾಲುವೆ ಇನ್ನೂ ನಿಧಾನವಾಗಿ, ಇನ್ನೂ ಚೊಕ್ಕವಾಗಿ ಮಾಡಿಟ್ಟಿತ್ತು.

ಮೊದಲು ಕಾಲುವೆಯಂಚಿಗೆ ಓಡಿದವರು ರಾಯರು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ, ಸಾಹೇಬರ ಅಂಗೈಗೆ ಹಾಕಿದರು. ಸಾಹೇಬರೂ ತಿಕ್ಕಿ ನೋಡಿದರು. ಪೆಟ್ಟಿಗೆಯಿಂದ ಸೇರನ್ನು ಮತ್ತೆ ಹೊರತೆಗೆದರು. "ಇದಾದರೆ ಆಗಬಹುದು. ಇದೂ ನನ್ನ ಕಣ್ಣೆದುರಿಗೇ ಬಿದ್ದದ್ದು. ತುಂಬಿ ಕೊಡಮ್ಮ."

ಅತ್ತೆ ಎರಡೂ ಕೈಯಿಂದ ಪುಡಿಯನ್ನು ಮೊಗೆದು ಮರಿಗೆಗೆ ಹಾಕಿಕೊಂಡಳು. ಮರಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಎದ್ದು ನಿಂತಳು. ಸೇರಿಗೆ ಸುರಿಯಲಿಲ್ಲ.

"ಕೊಡ್ತೀನ್ರಿ ಸಾಹೇಬ್ರ. ಈ ಕಾಲುವಿ ಮಾತ್ರ ನಮ್ಮ ಹದ್ದಿನೊಳಗ ಐತಿ. ಬದುವಿನ ಈಚಿಗೆ ಬಿದ್ದದ್ದು ನಮ್ಮ ಗದ್ದಿದು."

ಧಣಿ ನಕ್ಕರು. "ಏನಮ್ಮ, ನನ್ನ ಗಣಿಯ ಮಣ್ಣು ನಿನ್ನದಾಯ್ತಾ?"

"ಹೋದ ವರ್ಷ ಎರಡು ಮಡಿ ತುಂಬ ಬಂತಲ್ರೀ ನಿಮ್ಮ ಮಣ್ಣು. ತಗೊಂಡ್ ಹೋಗ್ರಿ ಅಂದ್ರ, ಬಿದ್ದದ್ದು ನಿಮ್ಮ ಜಾಗದಾಗ, ನಂಗ ಸಂಬಂಧ ಇಲ್ಲ ಅಂದ್ರಿ. ನೀವಂದ ಮಾತೇ ಇದು."

ಧಣಿಯ ನಗು ಹೋಯಿತು. ಮಾವ ಮೆಲುದನಿಯಲ್ಲಿ, "ನೀಲೀ, ಕೊಡೇ ಅದನ್ನ," ಎಂದರು. ಅತ್ತೆ ಅವರ ಕಡೆ ನೋಡಲಿಲ್ಲ.

"ಏನು ಬೇಕು ನಿಂಗೆ?" ಧಣಿ ಕೇಳಿದರು.

"ಒಡ್ಡಿಗೆ ಕಲ್ಲು."

"ತೂಕ ಆಗಲಿ. ಆಮೇಲೆ ನೋಡೋಣ."

"ತೂಕ ಆದಮ್ಯಾಲ ನೀವು ಲಾರಿ ಹತ್ತೀರಿ. ಮಳಿ ಇಲ್ಲೇ ಇರ್ತೈತಿ." ಅವಳು ಮರಿಗೆಯನ್ನು ಸೊಂಟದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಬದುವಿನಾಚೆ ಒಣಹುಲ್ಲು, ಮುಳ್ಳುಕಂಟಿ. ಅತ್ತ ತಿರುಗಿ ಮರಿಗೆಯನ್ನು ಒಮ್ಮೆ ಮೆಲ್ಲಗೆ ತೂಗಿದಳು. "ನಮಗ ಅಕ್ಕಿ ಜಾಲಿಸೋದು ರೂಢಿ ನೋಡ್ರಿ. ಕೈ ಇನ್ನೊಂದ್ಸಲ ತಪ್ಪಿದ್ರೂ ತಪ್ಪಬಹುದು."

ಕಾಲುವೆಯಲ್ಲಿ ಉಳಿದದ್ದು ಅವಳ ಹದ್ದಿನಲ್ಲಿತ್ತು, ನೀರೂ ನಿಂತಿತ್ತು. ಇನ್ನೊಮ್ಮೆ ತೊಳೆಯುವ ಮಾತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಗಡಿಯಾರ ನೋಡಿಕೊಂಡು ಧಣಿಗೆ ಹೇಳಿದರು: "ನಿಮ್ಮಿಬ್ಬರದು ಬೇಗ ಬಗೆಹರಿಸಿಕೊಳ್ಳಿ. ರೈಲು ನನಗಾಗಿ ಕಾಯೋದಿಲ್ಲ."

ಧಣಿ ಮೋಡದ ಕಡೆ ನೋಡಿದರು. ಆಮೇಲೆ ಲಾರಿಯ ಚಾಲಕನನ್ನು ಕರೆದು, ಗುಡ್ಡದ ಹಿಂದಿನ ಗುಂಡಿಯಿಂದ ಜಂಬಿಟ್ಟಿಗೆ ಕಲ್ಲು ತುಂಬಿಕೊಂಡು ಬರಲು ಹೇಳಿದರು. "ಇನ್ನಾದರೂ ಕೊಡು," ಎಂದರು ಅತ್ತೆಗೆ.

"ಮೊದಲನೇ ಲೋಡು ಬೀಳ್ಲಿ," ಎಂದಳು ಅವಳು.

ಆ ಕಾಯುವಿಕೆಯನ್ನು ಬರೆಯಲು ನನಗೆ ಅವತ್ತೂ ಬರಲಿಲ್ಲ, ಈಗಲೂ ಬರುವುದಿಲ್ಲ. ಲಾರಿಯ ಸದ್ದು ಗುಡ್ಡದ ಹಿಂದೆ ಕರಗಿತು. ಬಿಸಿಲು ಮಂಕಾಯಿತು. ದೂರದಲ್ಲಿ ಒಮ್ಮೆ ಗುಡುಗಿತು. ಅತ್ತೆ ಪಾದ ಮುಚ್ಚುವ ಕೆಸರಿನಲ್ಲಿ ಹಾಗೇ ನಿಂತಿದ್ದಳು, ಮರಿಗೆ ಅವಳ ಕೈಯಲ್ಲಿ. ಭಾರವಾದ ವಸ್ತು, ಆಗಾಗ ಸೊಂಟಕ್ಕೆ ಆನಿಸಿಕೊಳ್ಳುತ್ತಿದ್ದಳು. ದ್ಯಾವಮ್ಮ ಇಸಿದುಕೊಳ್ಳಲು ಹೋದಳು, ಅತ್ತೆ ಕೊಡಲಿಲ್ಲ. ಧಣಿ ಹುಣಸೆಮರದ ಕೆಳಗೆ ಅತ್ತಿಂದಿತ್ತ ನಡೆಯುತ್ತಿದ್ದರು. ಚಾಲಕನಿಗೆ ಕಣ್ಸನ್ನೆಯಲ್ಲಿ ಬೇರೇನಾದರೂ ಹೇಳಿದ್ದಾರೆಯೇ, ಲಾರಿ ಖಾಲಿಯೇ ವಾಪಸು ಬರುತ್ತದೆಯೇ ಎಂದು ಮಾವ ನನ್ನ ಕಿವಿಯಲ್ಲಿ ಕೇಳಿದರು. ಸಾಹೇಬರು ಪೆಟ್ಟಿಗೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ದ್ಯಾವಮ್ಮ," ಎಂದಳು ಅತ್ತೆ, ನಿಂತಲ್ಲಿಂದಲೇ, ತನ್ನ ಎಂದಿನ ದನಿಯಲ್ಲಿ. "ಸಾಹೇಬ್ರು ಬಿಸ್ಲಾಗ ಕುಂತಾರ. ಮನಿಯಾಗ ಮಜ್ಜಿಗಿ ಐತಿ, ತಂದು ಕೊಡು. ಧಣಿಯರಿಗೂ ಕೊಡು."

ದ್ಯಾವಮ್ಮ ತಂದಳು. ಧಣಿ ಮೊದಲು ಬೇಡವೆಂದರು, ಆಮೇಲೆ ಲೋಟ ಇಸಿದುಕೊಂಡರು. "ಉಪ್ಪು ಸಾಕೇನ್ರಿ?" ಎಂದು ದ್ಯಾವಮ್ಮ ಕೇಳಿದಾಗ ಆ ಹೊತ್ತಿನಲ್ಲೂ ಇಬ್ಬರು ಹೆಂಗಸರು ನಕ್ಕರು.

ಲಾರಿ ಬಂತು. ತುಂಬಿ ಬಂತು. ಒಡ್ಡಿನ ಬಿರುಕಿನ ಎದುರಿಗೆ ಕಲ್ಲು ಧಡಧಡನೆ ಉರುಳಿದವು. ಕೆಂಪು ಧೂಳು ನಮ್ಮೆಲ್ಲರನ್ನೂ ಮುಚ್ಚಿತು. ಧೂಳು ಇಳಿದಾಗ ಅತ್ತೆ ಕಾಲುವೆಯಿಂದ ಮೇಲೆ ಬಂದು, ಸಾಹೇಬರ ಮುಂದೆ ಕೂತು, ಸೇರಿಗೆ ಪುಡಿ ಸುರಿದಳು. ಒಂದು ಚೂರೂ ಹೊರಗೆ ಬೀಳಲಿಲ್ಲ. ಸಾಹೇಬರು ಸೇರಿನ ಅಂಚನ್ನು ಕಡ್ಡಿಯಿಂದ ಸಮ ಮಾಡಿ ತಕ್ಕಡಿಗೆ ಹಾಕಿದರು. ತಕ್ಕಡಿಯ ತಟ್ಟೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ, ಪುಡಿಯ ಕಡೆಗೆ ಬಾಗಿ ನಿಂತಿತು.

ಸಂಜೆಯವರೆಗೆ ಇನ್ನೂ ಕೆಲವು ಲೋಡು ಬಂದವು. ಮರುದಿನವೂ ಬಂದವು. ಒಮ್ಮೆ ಶುರು ಮಾಡಿದ ಮೇಲೆ ಧಣಿ ನಿಲ್ಲಿಸಲಿಲ್ಲ, ಅದನ್ನೂ ಹೇಳಬೇಕು. ಊರಿನ ಗಂಡಸರು, ಹೆಂಗಸರು ಸೇರಿ ಕಲ್ಲು ಕಟ್ಟಿದರು. ರಾಯರು ಕೊಡೆ ಬದಿಗಿಟ್ಟು ಕಲ್ಲು ಹೊತ್ತರು. ನಾನೂ ಹೊತ್ತೆ. ನಾನಿಟ್ಟ ಕಲ್ಲನ್ನು ಮಾವ ತೆಗೆದು ಇನ್ನೊಮ್ಮೆ ಇಡುತ್ತಿದ್ದರು. ಒಡ್ಡು ಎದೆಯೆತ್ತರಕ್ಕೆ ಬಂದ ಮೇಲೆ ಮಳೆ ಹಿಡಿಯಿತು. ಆ ಮಳೆಗಾಲದಲ್ಲಿ ಗುಡ್ಡೆ ಜರಿದು ಒಡ್ಡಿಗೆ ಬಂದು ಒರಗಿತು. ಒಡ್ಡು ದಾಟಲಿಲ್ಲ.

ವರದಿ ಅಚ್ಚಾಗಿ ಬಂದಾಗ ಅದನ್ನು ಅತ್ತೆಗೆ ಓದಿ ಹೇಳಿದೆ. ಮೂರು ವಾಕ್ಯ ಮುಗಿಯಲು ಎಷ್ಟು ಹೊತ್ತು? "ನಮ್ಮ ಒಡ್ಡು ಎಲ್ಲೋ?" ಎಂದಳು. ಹರಿದುಹೋಯ್ತು ಅತ್ತೆ ಎಂದೆ. "ಪೇಪರ್ನಾಗಲ್ಲೇನು? ಹೋಗ್ಲಿ ಬಿಡು, ಗದ್ದಿಯಾಗ ಐತಲ್ಲ."

ಬಹಳ ವರ್ಷಗಳ ಮೇಲೆ, ನಾನು ಶಾಲೆ ಬಿಟ್ಟು ಪತ್ರಿಕೆಯನ್ನೇ ಹೊಟ್ಟೆಪಾಡು ಮಾಡಿಕೊಂಡ ಮೇಲೆ, ಒಮ್ಮೆ ಆ ಊರಿಗೆ ಹೋಗಿದ್ದೆ. ಮಾವ ಆಗ ಇರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಅಕ್ಕಿ ಜಾಲಿಸುತ್ತಿದ್ದಳು. ಅವತ್ತಿನಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿದೆ. "ಅತ್ತೆ, ಅವತ್ತು ನಿನ್ನ ಕೈ ತಪ್ಪಿದ್ದೋ, ಬೇಕಂತಲೇ ಎಸೆದದ್ದೋ?"

ಅವಳು ಪಾತ್ರೆ ತೂಗುವುದನ್ನು ನಿಲ್ಲಿಸಲಿಲ್ಲ. "ನೀನು ಅಲ್ಲೇ ನಿಂತಿದ್ದೆಲ್ಲೋ, ಪೆನ್ನು ಹಿಡಕೊಂಡು. ನೀನೇನು ನೋಡಿದಿ?"

"ನೀನು ಒಡ್ಡಿನ ಕಡೆ ನೋಡಿದೆ. ಆಮೇಲೆ ಕೈ ಜಾಡಿಸಿದೆ."

"ಹಂಗೇ ಬರಿ," ಎಂದಳು. ಮಣಿಕಟ್ಟು ಜಾಡಿಸಿ ಕಲ್ಲನ್ನು ಅಂಗಳಕ್ಕೆ ಎಸೆದಳು.

ಹಾಗೇ ಬರೆದಿದ್ದೇನೆ.

ಗುಡ್ಡೆಯ ಅರ್ಧವನ್ನು ಮುಂದಿನ ಬೇಸಿಗೆಗಳಲ್ಲಿ ತೊಳೆದು ಒಯ್ದರು. ಆಮೇಲೆ ಗಣಿ ನಿಂತಿತು. ಉಳಿದರ್ಧದ ಮೇಲೆ ಹುಲ್ಲು ಬೆಳೆದಿದೆ. ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಹಲ್ಲಿಗೆ ಕಲ್ಲು ಸಿಕ್ಕ ದಿನ ಸಂಜೆ ಅವಳ ಮೊಮ್ಮಗನಿಗೆ ಫೋನು ಮಾಡಿದೆ. ಒಡ್ಡು ಇದೆಯೇನಪ್ಪ ಎಂದು ಕೇಳಿದೆ. ಇದೆ ಎಂದ. ಅದರ ಕೆಳಗಿನ ಮಡಿಗಳಲ್ಲಿ ಈ ವರ್ಷ ಶುಂಠಿ ಹಾಕಿದ್ದಾನೆ. ನೀರಿನ ಪೈಪು ಹೂಳಲು ಬದುವಿನ ಒಳಗೆ ಅಗೆಸಿದಾಗ ಮೊಣಕೈ ಆಳದಲ್ಲಿ ಕಪ್ಪು ಪುಡಿಯ ಒಂದು ಪದರ ಸಿಕ್ಕಿತಂತೆ, ಅದು ಏನೆಂದು ನನ್ನನ್ನು ಕೇಳಿದ. ಹೇಳಿದೆ.

ಮರುದಿನ ಬೆಳಿಗ್ಗೆ ಸೊಸೆಯ ಕೈಯಿಂದ ಅಕ್ಕಿಯ ಪಾತ್ರೆ ಇಸಿದುಕೊಂಡು ನಾನೇ ಜಾಲಿಸಿದೆ. ಅರ್ಧ ಅಕ್ಕಿ ನೆಲಕ್ಕೆ ಹೋಯಿತು. ತಳದಲ್ಲಿ ಎರಡು ಕಲ್ಲು ಉಳಿದವು.